ಸಿಮೊನ್‌ಚೆಲ್ಲಿಯ ನೆನಪು ಅಪಘಾತಕ್ಕೆ ಸೀಮಿತವಾಗದಿರಲಿ

ಮಾನ್ಯರೇ,

ಇಟಲಿಯ ಮೋಟಾರ್‌ಸೈಕಲ್ ರೇಸರ್ ಮಾರ್ಕೊ ಸಿಮೊನ್‌ಚೆಲ್ಲಿಯವರ ಹೆಸರೆತ್ತಿದಾಗಲೆಲ್ಲ, 2011ರ ಅಕ್ಟೋಬರ್ 23ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಅವರನ್ನು ಬಲಿ ಪಡೆದ ಅಪಘಾತವೊಂದೇ ಚರ್ಚೆಗೆ ಬರುವುದು ನೋವಿನ ಸಂಗತಿ. ಆಗ ಅವರಿಗೆ ಕೇವಲ 24 ವರ್ಷ. 2008ರಲ್ಲಿ ಗಿಲೆರಾ ಬೈಕಿನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದ ಅವರು, ಸಾವಿಗೆ ಒಂದು ವಾರ ಮುಂಚೆಯಷ್ಟೇ ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್‌ನಲ್ಲಿ ಎರಡನೆಯ ಸ್ಥಾನ ಗಳಿಸಿದ್ದರು. ಹೆಲ್ಮೆಟ್ ತೆಗೆದೊಡನೆ ಚಿಮ್ಮುತ್ತಿದ್ದ ಆ ಗುಂಗುರು ಕೂದಲಿನ ರಾಶಿಯನ್ನು ಮರೆಯಲಾದೀತೇ! ಅವರ ಸವಾರಿ ಅತಿ ಆಕ್ರಮಣಕಾರಿ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿತ್ತು ಎಂಬುದನ್ನು ಒಪ್ಪುತ್ತೇನೆ. ಇಂದು ಇಟಲಿಯ ಮಿಸಾನೊ ರೇಸ್ ಟ್ರ್ಯಾಕ್‌ಗೆ ಅವರ ಹೆಸರಿದೆ. ಅದಕ್ಕಿಂತಲೂ ನನ್ನ ಮನ ತಟ್ಟುವುದು, ತಂದೆ ಪಾವ್ಲೊ ಅವರು ಮಗನ ಬೈಕಿನ ಮೇಲಿರುತ್ತಿದ್ದ 58 ಸಂಖ್ಯೆಯನ್ನೇ ಹೆಸರಿನಲ್ಲಿಟ್ಟುಕೊಂಡು ತಂಡ ಕಟ್ಟಿ, ಎಳೆಯ ಸವಾರರನ್ನು ಬೆಳೆಸಿದ ರೀತಿ. ಈ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ