ಟಿಯೋಮನ್ ಟಿಕೆಟ್ ತೆಗೆಸುವ ಮುಂಚೆ ಕಾಕಾನ ನಾಲ್ಕು ಮಾತು

ಗದಗ

ಚಿ. ಪಲ್ಲವಿಗೆ ಕಾಕಾನ ಆಶೀರ್ವಾದ.

ಬನ್ನಿ ಹಬ್ಬ ಮುಗಿದು ಮೂರು ದಿನ ಆಯಿತು. ನಿನ್ನ ಪಾಲಿನ ಬನ್ನಿ ದೇವರ ಮುಂದೆ ಇಟ್ಟಿದ್ದೇವೆ. ಮೊನ್ನೆ ನಿಮ್ಮವ್ವ, ಅಂದರೆ ನಮ್ಮ ವೈನಿ, ಫೋನ್ ಹಿಡಿದುಕೊಂಡೇ ಬಂದರು. "ಈಕಿ ದೀಪಾವಳಿಗೆ ಊರಿಗೆ ಬರೂದು ಬಿಟ್ಟು ನಾಕು ದಿನದಾಗ ಮೂರು ದ್ವೀಪ ನೋಡ್ತಾಳಂತ, ನೀವರ ಒಂದೀಟು ಹೇಳ್ರಿ." ನಾನು ಬೈಯಲಿ ಅಂತ ಅವರ ಆಸೆ. ಬೈಯೋದಿಲ್ಲ ಬಿಡು. ಸಿಂಗಾಪುರದಲ್ಲಿ ಕೂತು ದುಡಿಯುವಾಗ ನೋಡದೆ ಮತ್ತೆ ಯಾವಾಗ ನೋಡ್ತೀ? ಆದರೆ ನೀನು ಕಳಿಸಿದ ಪ್ಲಾನ್ ಓದಿದೆ. ಇಂಡೋನೇಷ್ಯಾದ ಬಾತಮ್, ಬಿಂತಾನ್, ಆಮೇಲೆ ಮಲೇಷ್ಯಾದ ಟಿಯೋಮನ್, ಅದೂ ನವೆಂಬರಿನಲ್ಲಿ, ಭಾನುವಾರ ಕೊನೆಯ ಬೋಟು, ಸೋಮವಾರ ಬೆಳಿಗ್ಗೆ ಆಫೀಸು. ಇದನ್ನು ಓದಿಯೇ ಕಾಗದ ಬರೆಯಲು ಕೂತೆ.

ನಾನೂ ಇದನ್ನೇ ಮಾಡಿದ್ದೆ ಪುಟ್ಟಿ. ಮಲೇಷ್ಯಾದ ಜೊಹೋರ್‌ನ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷೀನ್ ನೋಡಿಕೊಳ್ಳುತ್ತಿದ್ದ ಕಾಲ, 1999. ಆ ವರ್ಷವೂ ದೀಪಾವಳಿ ನವೆಂಬರಿನಲ್ಲೇ ಬಂದಿತ್ತು. ಎರಡು ದಿನ ರಜೆ ಸಿಕ್ಕಿತು, ಟಿಯೋಮನ್‌ಗೆ ಬೋಟು ಸಿಗುವ ಮೆರ್ಸಿಂಗ್ ಊರಿನ ಬಸ್ ಹತ್ತಿದೆ. ಜೊಹೋರ್ ಬಾರುದಿಂದ ಸುಮಾರು 130 ಕಿ.ಮೀ., ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಬಂದದ್ದಕ್ಕಿಂತ ಸ್ವಲ್ಪ ಜಾಸ್ತಿ. ಮೆರ್ಸಿಂಗ್‌ನಲ್ಲಿ ಬೋಟು ಬಿಡುವುದು ನದಿಯ ಬಾಯಿಂದ. ಇಳಿತದ ಹೊತ್ತಿಗೆ ಅಲ್ಲಿ ನೀರೇ ಇರುವುದಿಲ್ಲ, ಬೋಟುಗಳು ಕೆಸರಿನಲ್ಲಿ ಎಮ್ಮೆಗಳ ಹಾಗೆ ಮಲಗಿರುತ್ತವೆ. ಅದಕ್ಕೇ ಬೋಟಿನ ಟೈಮು ದಿನಾ ಬೇರೆ. ಹೋಗುವಾಗ ಸಮುದ್ರ ನಮ್ಮ ಭೀಷ್ಮ ಕೆರೆಯ ಹಾಗೆ ಸುಮ್ಮನೆ ಇತ್ತು. ಮರುದಿನ ಬೆಳಿಗ್ಗೆ ದ್ವೀಪದಲ್ಲಿ ಗಾಳಿ ಎದ್ದಿತು ನೋಡು. ಬೋಟಿನ ಕೌಂಟರಿನವ ಶಟರ್ ಅರ್ಧ ಎಳೆದು ಕೂತ. ಕೇಳಿದರೆ 'ಬೇಸೊಕ್' ಅಂತಾನೆ. ಅಂದರೆ ನಾಳೆ. ಮರುದಿನ ಕೇಳಿದರೂ ಬೇಸೊಕ್. ನಮ್ಮ ಹಳ್ಳಿ ಬಾಗಿಲುಗಳ ಮೇಲೆ ದೆವ್ವಕ್ಕೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಹಾಗಾಯಿತು ನನ್ನ ಕಥೆ. ಮೂರು ದಿನ ಸಿಕ್ಕಿಬಿದ್ದೆ. ಕಿಸೆಯಲ್ಲಿ ರೊಕ್ಕ ಮುಗಿಯಿತು. ವಾಪಸ್ ಬಂದಾಗ ಸೂಪರ್‌ವೈಸರ್ ಒಂದು ಮಾತೂ ಆಡಲಿಲ್ಲ, ಆ ತಿಂಗಳ ಓವರ್‌ಟೈಮ್ ಪೂರಾ ಬೇರೆಯವನಿಗೆ ಕೊಟ್ಟ. ಬೈದಿದ್ದರೇ ಚಲೋ ಇತ್ತು.

ಆಮೇಲೆ ನನಗೆ ತಿಳಿಯಿತು, ಅದು ಬೇರೆ ಯಾವುದೂ ಅಲ್ಲ, ನಮ್ಮ ಹಿಂಗಾರಿನ ಗಾಳಿಯೇ. ಈಶಾನ್ಯದಿಂದ ಬೀಸಿ ಮಲೇಷ್ಯಾದ ಪೂರ್ವ ದಂಡೆಗೆ ನೇರ ಬಡಿಯುತ್ತದೆ. ನವೆಂಬರಿನಿಂದ ಫೆಬ್ರುವರಿ ತನಕ ಟಿಯೋಮನ್, ಪೆರ್ಹೆಂತಿಯಾನ್ ದ್ವೀಪಗಳ ಕಡೆ ಬೋಟು ಕಡಿಮೆ, ಎಷ್ಟೋ ಹೋಟೆಲಿನವರು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ತಿಂಗಳು ನೆನಪಿಡುವುದು ಕಷ್ಟ ಆದರೆ ಹೊಲ ನೆನಪಿಟ್ಟುಕೋ: ನಾವು ಎರೆಯಲ್ಲಿ ಕಡಲೆ ಬಿತ್ತಿದ ಮೇಲೆ ಕೀಳುವ ತನಕ ಪೂರ್ವದ ದ್ವೀಪ ಬೇಡ. ಹೆಸರುಕಾಳು ಬಿತ್ತುವ ಮುಂಗಾರಿನಲ್ಲಿ ಉಲ್ಟಾ, ಪಶ್ಚಿಮದ ಫುಕೆಟ್, ಲಂಕಾವಿ ಕಡೆ ಸಮುದ್ರ ಎದ್ದಿರುತ್ತದೆ. 2018ರ ಜುಲೈಯಲ್ಲಿ ಫುಕೆಟ್ ಹತ್ತಿರ ಬಿರುಗಾಳಿಗೆ ಬೋಟು ಮುಳುಗಿ 47 ಜನ ಪ್ರವಾಸಿಗರು ಹೋದರಲ್ಲ, ಅದು ಇದೇ ಮಳೆಗಾಲದಲ್ಲಿ. ನಿಮ್ಮವ್ವನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ. ಲೈಫ್ ಜಾಕೆಟ್ ಮಾತ್ರ ಕೂತ ಕೂಡಲೇ ಹಾಕಿಕೋ, ಯಾರು ನಕ್ಕರೂ.

ಹಾಗಾದರೆ ದೀಪಾವಳಿಗೆ ಎಲ್ಲಿ ಹೋಗಬೇಕು? ಬಿಂತಾನ್ ಒಂದಕ್ಕೇ ಹೋಗು. ಸಿಂಗಾಪುರದ ತನಾಹ್ ಮೆರಾ ಬಂದರಿನಿಂದ ಬೋಟಿನಲ್ಲಿ ಒಂದು ತಾಸಿನ ದಾರಿ, ಮಳೆ ಬಂದರೆ ಬರಲಿ, ಊರಿನಲ್ಲಿ ಮಳೆ ನೋಡದೆ ಕೂತವಳಲ್ಲ ನೀನು. ಅಲ್ಲಿನ ಗಡಿಯಾರ ಸಿಂಗಾಪುರಕ್ಕಿಂತ ಒಂದು ತಾಸು ಹಿಂದೆ, ಬರುವಾಗ ಆ ತಾಸು ಕೈಬಿಡುತ್ತದೆ ಅಂತ ಲೆಕ್ಕ ಇರಲಿ. ಟಿಯೋಮನ್ ಏಪ್ರಿಲ್‌ಗೆ ಇಟ್ಟುಕೋ. ನಾಲ್ಕು ದಿನದಲ್ಲಿ ಮೂರು ದ್ವೀಪ ಅಂದರೆ ಎರಡು ದಿನ ಬರೀ ಇಮಿಗ್ರೇಷನ್ ಲೈನು, ಬ್ಯಾಗ್ ಎಳೆಯೋದು. ಸಿಂಗಾಪುರದಿಂದ ಜೊಹೋರ್‌ಗೆ ದಾಟುವ ಕಾಸ್‌ವೇಯಲ್ಲಿ ರಜೆಯ ಸಂಜೆ ನಿಂತು ನೋಡಿದ್ದೀಯಲ್ಲ! ಮತ್ತೆ ಎಲ್ಲಿಗೇ ಹೋದರೂ ಕೆಲಸಕ್ಕೆ ಮುಂಚೆ ಒಂದು ಪೂರ್ತಿ ದಿನ ಖಾಲಿ ಬಿಡು. ರೂಮಿನಲ್ಲಿ ಬಟ್ಟೆ ಒಗೆದುಕೊಂಡು ಕೂತರೂ ಪರವಾಗಿಲ್ಲ.

ಊಟದ್ದು ಒಂದು ಹೇಳಬೇಕು. ಟಿಯೋಮನ್‌ನಲ್ಲಿ ಸೊಪ್ಪಿನ ಪಲ್ಯ ಅಂತ ಆಸೆಯಿಂದ ತಗೊಂಡೆ, ಒಂದು ತುತ್ತಿಗೇ ವಾಸನೆ ಹೊಡೆಯಿತು. ಬೆಲಾಚಾನ್ ಅಂತ ಸೀಗಡಿಯ ಪೇಸ್ಟು, ಎಲ್ಲದಕ್ಕೂ ಹಾಕುತ್ತಾರೆ. 'ಸೊಪ್ಪು' ಅಂತ ಕೇಳಿದರೆ ಸಾಲದು, ಬೆಲಾಚಾನ್ ಬೇಡ ಅಂತ ಬಿಡಿಸಿ ಹೇಳು. ನಾನಂತೂ ಆ ಮೂರು ದಿನ ಅನ್ನಕ್ಕೆ ಶೇಂಗಾ ಚಟ್ನಿಪುಡಿ ಕಲಸಿಕೊಂಡೇ ಬದುಕಿದೆ. ಅಂಗಡಿಯ ಮುದುಕಿಗೂ ಒಂದು ಚಮಚ ಕೊಟ್ಟೆ, ಮಾರನೇ ದಿನ ಆಕೆಯೇ ತಟ್ಟೆ ಹಿಡಿದು ಬಂದಳು.

ಡೈವಿಂಗ್ ಕಲಿಯುತ್ತೇನೆ ಅಂದಿದ್ದೀ, ಕಲಿ. ಆದರೆ ನೀರಿಗಿಳಿದ ದಿನವೇ ವಿಮಾನ ಹತ್ತಬೇಡ, ಒಂದು ದಿನ ಬಿಡು. ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ ಉಳಿದಿರಬೇಕು. ಹೀಗೇ ಓಡಾಡಿದರೆ 36 ಪುಟ ಬೇಗ ತುಂಬುತ್ತವೆ, ಮುಂದಿನ ಸಲ 60 ಪುಟದ್ದು ತೆಗೆಸು.

ವೈನಿ ರೊಟ್ಟಿ ಬಡಿಯಲು ಶುರು ಮಾಡಿದ್ದಾರೆ. ಯಾರೋ ಹುಬ್ಬಳ್ಳಿಯ ಹುಡುಗ ಇಪ್ಪತ್ತಕ್ಕೆ ಸಿಂಗಾಪುರಕ್ಕೆ ಹೊರಟಿದ್ದಾನಂತೆ, ಅವನ ಕೈಯಲ್ಲಿ ಚಟ್ನಿಪುಡಿಯೂ ಕಳಿಸುತ್ತೇವೆ. ಎರಡು ಡಬ್ಬಿ. ಒಂದನ್ನು ಬ್ಯಾಗಿನಿಂದ ತೆಗೆಯಲೇಬೇಡ.

ನಿನ್ನ ಕಾಕಾ