ಓಟದ ಕಥೆ ಬರೆಯುವವರು 300ನೇ ಮೀಟರಿನ ಹತ್ತಿರ ನಿಂತು ನೋಡಲಿ

ಮಾನ್ಯ ಸಂಪಾದಕರೇ,

ಹಳ್ಳಿಯ ಹುಡುಗಿಯೊಬ್ಬಳು ಓಡುತ್ತಾ ಓಡುತ್ತಾ ತಾನು ಯಾರೆಂದು ಕಂಡುಕೊಳ್ಳುವ ಕಥೆ ನಮ್ಮ ಸಿನಿಮಾಗಳಲ್ಲಿ, ವೆಬ್ ಸರಣಿಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಬರಲಿ, ಇನ್ನೂ ಬರಲಿ. ಅಂಥದ್ದೊಂದು ಕಥೆ ನೋಡಿ ಮೈದಾನಕ್ಕೆ ಕಾಲಿಟ್ಟ ಮಕ್ಕಳು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದಲ್ಲೂ ಇದ್ದಾರೆ. ಆದರೆ ಓಟ ಎಂದರೆ ಏನು, ಓಡುವವಳು ತನ್ನನ್ನು ಕಂಡುಕೊಳ್ಳುವುದು ಎಲ್ಲಿ ಎಂಬುದನ್ನೇ ಈ ಕಥೆಗಳು ತಪ್ಪಾಗಿ ತೋರಿಸುತ್ತಿವೆ. ಪರದೆಯ ಮೇಲಿನ ತಪ್ಪು ಪರದೆಯ ಮೇಲೆ ಉಳಿಯುವುದಿಲ್ಲ, ಮಕ್ಕಳ ಮೊಣಕಾಲಿಗೆ ಇಳಿಯುತ್ತದೆ. ಅದಕ್ಕೇ ಈ ಪತ್ರ.

ಸಾಮಾನ್ಯವಾಗಿ ಕಥೆ ಹೀಗಿರುತ್ತದೆ. ಮೂರು ನಿಮಿಷದ ಹಾಡಿನಲ್ಲಿ ತರಬೇತಿ ಮುಗಿದುಹೋಗುತ್ತದೆ. ಬೆಟ್ಟದ ಮೆಟ್ಟಿಲು, ಸೊಂಟಕ್ಕೆ ಕಟ್ಟಿದ ಟೈರು, ಸುರಿಯುವ ಮಳೆ. ಆಮೇಲೆ ಕ್ರೀಡಾಂಗಣ. ನಾಯಕಿ 400 ಮೀಟರ್ ಓಟದ ನಡುವೆ ಬೀಳುತ್ತಾಳೆ, ಗ್ಯಾಲರಿಯಲ್ಲಿ ಅಮ್ಮನ ಮುಖ ಕಾಣುತ್ತದೆ, ಎದ್ದು ಓಡಿ ಎಲ್ಲರನ್ನೂ ಹಿಂದೆ ಹಾಕಿ ರಿಬ್ಬನ್ ಕಡಿಯುತ್ತಾಳೆ. ಬಿದ್ದು ಎದ್ದು ಮತ್ತೆ ವೇಗ ಹಿಡಿಯಲು ಏನಿಲ್ಲವೆಂದರೂ ಮೂರು ಸೆಕೆಂಡು ಬೇಕು. 60 ಸೆಕೆಂಡಿನಲ್ಲಿ 400 ಮುಗಿಸುವ ಓಟಗಾರ್ತಿಗೆ ಮೂರು ಸೆಕೆಂಡು ಎಂದರೆ 20 ಮೀಟರ್. ಅದನ್ನು ಛಲದಿಂದ ತುಂಬಲು ಸಾಧ್ಯವಿಲ್ಲ. ರಿಬ್ಬನ್ನೂ ಅಷ್ಟೆ. ಈಗ ಸ್ಥಾನ ನಿರ್ಧರಿಸುವುದು ಮುಕ್ತಾಯದ ಗೆರೆಗೆ ನೇರವಾಗಿಟ್ಟ ಕ್ಯಾಮೆರಾ. ಅದು ಲೆಕ್ಕಕ್ಕೆ ಹಿಡಿಯುವುದು ಓಟಗಾರ್ತಿಯ ಮುಂಡವನ್ನು. ತಲೆ, ಕೈ, ಕಾಲು ಎಷ್ಟು ಮುಂದೆ ಚಾಚಿದರೂ ಪ್ರಯೋಜನವಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಸಮಯ 55.42, ಕಂಚು ಗೆದ್ದವರದು 55.41. ಗೆರೆಯ ಹತ್ತಿರ ಎದೆ ಮುಂದಕ್ಕೆ ಬಾಗಿಸುವ ಕಲೆಯನ್ನು ದಿನಾ ಅಭ್ಯಾಸ ಮಾಡಿಸುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಾಗಿಯೇ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕೊನೆಯ 100 ಮೀಟರಿನಲ್ಲಿ ನಾಯಕಿ ವೇಗ ಹೆಚ್ಚಿಸಿದಂತೆ ತೋರಿಸುತ್ತಾರೆ. ಪೂರ್ಣ ಸಾಮರ್ಥ್ಯದಿಂದ ಓಡಿದ 400ರಲ್ಲಿ ಕೊನೆಗೆ ಯಾರ ವೇಗವೂ ಹೆಚ್ಚುವುದಿಲ್ಲ. ಮೊದಲ 50ರಿಂದ 80 ಮೀಟರಿನ ಆಸುಪಾಸಿನಲ್ಲಿ ವೇಗ ತುದಿ ಮುಟ್ಟುತ್ತದೆ, ಅಲ್ಲಿಂದಾಚೆಗೆ ಇಳಿಯುತ್ತಲೇ ಹೋಗುತ್ತದೆ. ಗೆಲ್ಲುವವಳು ಉಳಿದವರಿಗಿಂತ ಕಡಿಮೆ ನಿಧಾನವಾಗುತ್ತಾಳೆ, ಅಷ್ಟೆ. 300ನೇ ಮೀಟರಿನ ಹತ್ತಿರ ಹೋಗಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಭುಜ ಕಿವಿಯ ಕಡೆಗೆ ಏರುತ್ತದೆ, ಗದ್ದ ಮೇಲೇಳುತ್ತದೆ, ಮುಷ್ಟಿ ಬಿಗಿಯುತ್ತದೆ, ಮೊಣಕಾಲು ಏಳುವುದಿಲ್ಲ, ಹೆಜ್ಜೆ ಗಿಡ್ಡವಾಗುತ್ತದೆ. ಸ್ನಾಯುಗಳಲ್ಲಿ ಆಮ್ಲ ತುಂಬಿ ಕಾಲು ಮರದ ಕೊರಡಿನಂತಾಗುವ ಹೊತ್ತು ಅದು. ಆಗ ಹಲ್ಲು ಕಚ್ಚಿ ಬಲ ಹಾಕಿದವಳು ಇನ್ನಷ್ಟು ಬಿಗಿಯಾಗಿ ಇನ್ನಷ್ಟು ಸೋಲುತ್ತಾಳೆ. ದವಡೆ ಸಡಿಲ ಬಿಟ್ಟು, ಭುಜ ಕೆಳಗಿಳಿಸಿ, ಕೈ ಬೀಸುವುದನ್ನು ಮಾತ್ರ ನೆನಪಿಟ್ಟುಕೊಂಡವಳು ಉಳಿಯುತ್ತಾಳೆ.

ಹಾಗಾದರೆ ಆ ಹುಡುಗಿ ತನ್ನನ್ನು ತಾನು ಕಂಡುಕೊಳ್ಳುವುದು ಯಾವಾಗ? ಮೈದಾನದ ಅನುಭವ ಇರುವ ಯಾವ ಕೋಚನ್ನು ಕೇಳಿದರೂ ಬರುವ ಉತ್ತರ ಒಂದೇ: ತನ್ನ ಲಯ ತನಗೆ ತಿಳಿದ ದಿನ.

ಇದನ್ನು ಕಲಿಸುವ ಸರಳ ಅಭ್ಯಾಸವೊಂದಿದೆ. ಟ್ರ್ಯಾಕಿನ ಪಕ್ಕದಲ್ಲಿ ಪ್ರತಿ 50 ಮೀಟರಿಗೆ ಒಂದು ಕೋನ್ ಇಡಬೇಕು. ಹುಡುಗಿಯ ಕೈಯಲ್ಲಿ ವಾಚ್ ಇರಬಾರದು. 200 ಮೀಟರನ್ನು 36 ಸೆಕೆಂಡಿನಲ್ಲಿ, ಅಂದರೆ ಪ್ರತಿ ಕೋನಿಗೆ 9 ಸೆಕೆಂಡಿನಂತೆ ಓಡು ಎಂದು ಹೇಳಬೇಕು. ಹೀಗೆ ಆರು ಸಲ, ನಡುವೆ ಮೂರು ನಿಮಿಷ ನಡಿಗೆ. ಗೆರೆ ದಾಟಿದ ತಕ್ಷಣ, ಏದುಸಿರು ಬಿಡುತ್ತಿರುವಾಗಲೇ, 'ಎಷ್ಟು?' ಎಂದು ಕೇಳಬೇಕು. ಅವಳು ತನ್ನ ಅಂದಾಜು ಹೇಳಿದ ಮೇಲೆಯೇ ಸ್ಟಾಪ್‌ವಾಚ್ ತೋರಿಸಬೇಕು. ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಅವಳು ಹೇಳಿದ್ದು, ವಾಚ್ ಹೇಳಿದ್ದು. ಶುರುವಿನಲ್ಲಿ ಎರಡಕ್ಕೂ ಎರಡು ಮೂರು ಸೆಕೆಂಡಿನ ಅಂತರ ಇರುವುದು ಮಾಮೂಲು. ಮೊದಲ ಓಟದಲ್ಲಿ '36' ಎನ್ನುತ್ತಾಳೆ, ವಾಚಿನಲ್ಲಿ 33. ಆರನೆಯದರಲ್ಲೂ '36' ಎನ್ನುತ್ತಾಳೆ, ವಾಚಿನಲ್ಲಿ 39. ವಾರಕ್ಕೊಮ್ಮೆ ತಪ್ಪದೆ ಮಾಡಿಸಿದರೆ ಎರಡು ತಿಂಗಳಲ್ಲಿ ಅಂತರ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ, ಜ್ವರ ಬಿಟ್ಟು ಎರಡೇ ದಿನವಾಗಿದ್ದರೆ ಅಂತರ ಮತ್ತೆ ಹಿಗ್ಗುತ್ತದೆ. ಕಾರಣವನ್ನೂ ಪಕ್ಕದಲ್ಲೇ ಬರೆದಿಡಬೇಕು. ವಾಚ್ ನೋಡುವ ಮೊದಲೇ '36.5, ಸರ್, ಎರಡನೇ ಕೋನಿನ ಹತ್ತಿರ ಸ್ವಲ್ಪ ಬಿಟ್ಟುಬಿಟ್ಟೆ' ಎಂದು ಹುಡುಗಿ ಹೇಳಿ, ವಾಚೂ ಅದನ್ನೇ ತೋರಿಸುವ ಬೆಳಿಗ್ಗೆ ಒಂದು ಬರುತ್ತದೆ. ಸಿನಿಮಾ ತೆಗೆಯುವವರು ಹುಡುಕುವ ದೃಶ್ಯ ಅದು. ಅದಕ್ಕೆ ಮಳೆಯೂ ಬೇಡ, ಹಾಡೂ ಬೇಡ.

ಈ ಲಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. 64 ಸೆಕೆಂಡಿನ ಗುರಿ ಇಟ್ಟುಕೊಂಡವಳು ಮೊದಲ 200ನ್ನು 31ರಲ್ಲಿ, ಎರಡನೆಯದನ್ನು 33ರಲ್ಲಿ ಓಡಬೇಕು. ಹೊಸಬಳು ಚಪ್ಪಾಳೆಯ ಸದ್ದಿಗೆ ಮೊದಲರ್ಧವನ್ನು 28.5ರಲ್ಲಿ ಓಡಿಬಿಡುತ್ತಾಳೆ, ಎರಡನೆಯದಕ್ಕೆ 39 ಹಿಡಿಯುತ್ತದೆ, ಒಟ್ಟು 67.5. ಅತಿ ಜೋಪಾನ ಮಾಡಿದರೂ ಕೈ ಜಾರುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಮಿಲ್ಖಾ ಸಿಂಗ್, ಓಟದ ನಡುವೆ ತಾವು ತೀರಾ ಜೋರಾಗಿ ಹೋಗುತ್ತಿದ್ದೇವೆಂದು ಭಾವಿಸಿ ವೇಗ ತಗ್ಗಿಸಿದ್ದೇ ತಪ್ಪಾಯಿತೆಂದು ಜೀವನದುದ್ದಕ್ಕೂ ಹೇಳಿಕೊಂಡರು. ಅವರಂಥವರಿಗೂ ಅಂದಾಜು ಕೈಕೊಟ್ಟಿತೆಂದರೆ, ಹದಿನೈದರ ಹುಡುಗಿಗೆ ಅದನ್ನು ಕಲಿಸಲು ಎಷ್ಟು ತಾಳ್ಮೆ ಬೇಕು ನೋಡಿ.

ಕಥೆಗಾರರು ಗಮನಿಸದ ಇನ್ನೊಂದು ಸಂಗತಿ ಲೇನು. 400ರಲ್ಲಿ ಪ್ರತಿಯೊಬ್ಬರೂ ಕೊನೆಯವರೆಗೆ ತಮ್ಮ ಲೇನಿನಲ್ಲೇ ಓಡಬೇಕು. ತಿರುವಿನಲ್ಲಿ ಒಳಗಿನ ಗೆರೆ ತುಳಿದರೆ ಅನರ್ಹತೆಯ ಅಪಾಯ. ಹೊರಗಿನ ಲೇನಿನ ಸುತ್ತು ದೊಡ್ಡದಾದ್ದರಿಂದ ಆರಂಭದ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಮುಂದಕ್ಕಿರುತ್ತವೆ. ಲೇನಿನ ಅಗಲ 1.22 ಮೀಟರ್ ಇರುವ ಟ್ರ್ಯಾಕಿನಲ್ಲಿ ಎರಡನೇ ಲೇನಿನವಳು 7.04 ಮೀಟರ್ ಮುಂದೆ, ಎಂಟನೆಯವಳು 53 ಮೀಟರ್ ಮುಂದೆ ನಿಲ್ಲುತ್ತಾಳೆ. ಎಂಟನೇ ಲೇನಿನಲ್ಲಿರುವವಳಿಗೆ ಮುಕ್ಕಾಲು ಓಟದವರೆಗೆ ಎದುರಿಗೆ ಯಾರೂ ಕಾಣುವುದಿಲ್ಲ. ಹಿಂದೆ ಬರುವವರ ಸ್ಪೈಕಿನ (ಮೊಳೆ ಇರುವ ಓಟದ ಶೂ) ಸದ್ದು, ತನ್ನ ಉಸಿರು, ಇಷ್ಟೇ. ತಿರುಗಿ ನೋಡಿದರೆ ಹೆಜ್ಜೆ ತಪ್ಪುತ್ತದೆ. ತನ್ನನ್ನು ನಂಬಿ ಓಡುವುದು ಎಂದರೆ ಏನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಆದರೆ ಸಿನಿಮಾದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಟು, ಲೇನು ದಾಟಿ ಭುಜಕ್ಕೆ ಭುಜ ತಾಗಿಸಿ ಓಡುತ್ತಾರೆ.

ಇನ್ನು ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲ ವಿಷಯ. ಸುಮಾರು ಸಾವಿರ ಮೆಟ್ಟಿಲು. ಕಲ್ಲಿನವು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹತ್ತುವುದು ಒಳ್ಳೆಯ ವ್ಯಾಯಾಮವೇ. ತೊಡೆ, ಪೃಷ್ಠ, ಮೀನಖಂಡಕ್ಕೆ ಬಲ ಬರುತ್ತದೆ, ಉಸಿರು ಪಳಗುತ್ತದೆ. ಕೆಡುಕು ಇರುವುದು ಓಡಿ ಇಳಿಯುವುದರಲ್ಲಿ. ಸಮತಟ್ಟಾದ ನೆಲದ ಓಟದಲ್ಲೇ ಪ್ರತಿ ಹೆಜ್ಜೆಗೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಆ ಭಾರವನ್ನು ತಡೆಯಬೇಕು. ಅದು ದಣಿದ ಮೇಲೆ ಎಲ್ಲವೂ ಮೊಣಕಾಲ ಚಿಪ್ಪಿಗೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಹಿಮ್ಮಡಿಗಂಟು ಉಳುಕುವುದು ಬೇರೆ. ಹಾಗಾಗಿ ವಾರಕ್ಕೆ ಒಂದೇ ಸಲ ಹತ್ತಿ. ಹೊಸಬರು ನಂದಿಯವರೆಗೆ ಹೋದರೆ ಸಾಕು. ಮೇಲಿನವರೆಗೆ ಹೋದವರು ಸಿಟಿ ಬಸ್ಸಿನಲ್ಲಿ ಇಳಿಯಿರಿ, ಇಲ್ಲವೇ ನಿಧಾನಕ್ಕೆ ನಡೆದು ಬನ್ನಿ. ಉಳಿದ ದಿನ ಮಣ್ಣಿನ ನೆಲ ಹುಡುಕಿ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯಿದೆ, ಮಂಡ್ಯದ ಹಳ್ಳಿಗಳವರಿಗೆ ನಾಲೆ ಏರಿಯಿದೆ. ಡಾಂಬರು ರಸ್ತೆಗಿಂತ ಇವು ಎಷ್ಟೋ ಮೇಲು. ವಾರದ ಒಟ್ಟು ಓಟವನ್ನು ಒಂದೇ ಸಲಕ್ಕೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರಿಸಬೇಡಿ.

ಟೈರು ಎಳೆಯುವುದು ದೊಡ್ಡವರ ಅಭ್ಯಾಸ. ಸರಿಯಾಗಿ ಓಡಲು ಕಲಿಯದ ಮಗುವಿಗೆ ಭಾರ ಕಟ್ಟಿದರೆ ಸೊಂಟ ಬಾಗಿಸಿ ಓಡುವುದೇ ರೂಢಿಯಾಗುತ್ತದೆ.

ಮೊಣಕಾಲಿನ ಕೆಳಗೆ, ಮೂಳೆಯ ಒಳ ಅಂಚಿನುದ್ದಕ್ಕೂ ಗೇಣಿನಷ್ಟು ಜಾಗ ನೋಯುತ್ತಿದ್ದರೆ ಓಟ ಕಡಿಮೆ ಮಾಡಿ, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಸವೆದ ಶೂ ಬದಲಿಸಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತದೆ. ಆದರೆ ಬೆರಳ ತುದಿಯಷ್ಟು ಒಂದೇ ಜಾಗ ಒತ್ತಿದರೆ ಚುರ್ ಎನ್ನುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಟ್ಟಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. 'ಎಕ್ಸ್‌ರೇ ಸರಿಯಾಗಿದೆ, ಓಡು' ಎನ್ನುವ ಮಾತು ಕೇಳಿ ಓಡಿದವರು ಇಡೀ ವರ್ಷ ಕಳೆದುಕೊಳ್ಳುತ್ತಾರೆ. ಮೂಳೆ ತಜ್ಞರಿಗೆ ತೋರಿಸಿ. ಆರರಿಂದ ಎಂಟು ವಾರ ಓಟ ನಿಲ್ಲಿಸಬೇಕಾಗಬಹುದು. ನೋವನ್ನು ಮೆಟ್ಟಿ ನಿಲ್ಲುವುದನ್ನೇ ಸಾಧನೆ ಎಂದು ತೋರಿಸುವ ಸಿನಿಮಾ ಈ ಎರಡು ನೋವುಗಳ ವ್ಯತ್ಯಾಸ ಹೇಳುವುದಿಲ್ಲ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ತರಬೇತಿ ಶುರುವಾದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ 'ಓಡ್ತಾಳಲ್ಲ, ಅದಕ್ಕೇ' ಎಂದು ಸುಮ್ಮನಿರಬೇಡಿ. ಓಟಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಮೂಳೆ ದುರ್ಬಲವಾಗುವುದೂ ಆಗಲೇ. ವೈದ್ಯರಿಗೆ ತೋರಿಸಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಯಾವ ತರಬೇತಿಯೂ ಮೈಗೆ ಹತ್ತುವುದಿಲ್ಲ. ನಮ್ಮ ಸೀಮೆಯ ಊಟದಲ್ಲೇ ಬೇಕಾದಷ್ಟಿದೆ: ರಾಗಿಯಲ್ಲಿ ಸುಣ್ಣದಂಶ, ಹುರುಳಿಕಾಳು, ಸೊಪ್ಪಿನ ಬಸ್ಸಾರು, ಮೊಟ್ಟೆ, ಮಾಂಸ ತಿನ್ನುವವರಿಗೆ ಮಾಂಸ. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದಕ್ಕೆ ತಡೆ. ಮುದ್ದೆ ಉಂಡ ಮೇಲೆ ಮೂರು ಗಂಟೆಯಾದರೂ ಓಡಬಾರದು. ಬೆಳಗಿನ ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು.

ಶಾಲೆಗಳ ದೈಹಿಕ ಶಿಕ್ಷಕರಿಗೂ ವಿನಂತಿಯಿದೆ. ಟ್ರ್ಯಾಕ್ ತಪ್ಪಾಗಿದ್ದರೆ ಮಗುವಿನ ಸಮಯವೇ ಸುಳ್ಳು. ಸಣ್ಣ ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್ ಹಾಕಲು 50 ಮೀಟರಿನ ಎರಡು ನೇರ ಗೆರೆ, ಎರಡೂ ತುದಿಗೆ 15.72 ಮೀಟರ್ ತ್ರಿಜ್ಯದ ಅರ್ಧವೃತ್ತ. ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಓಡುತ್ತಾರೆಂದು ಹಿಡಿದು ಹಾಕಿದ ಲೆಕ್ಕ ಇದು. ಹಗ್ಗ ಹಿಗ್ಗುತ್ತದೆ, ಉಕ್ಕಿನ ಟೇಪ್ ಬಳಸಿ. ಗೆರೆಗೆ ಸುಟ್ಟ ಸುಣ್ಣ ಖಂಡಿತ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ಬಳಸಿ. 100 ಮೀಟರ್ ಓಟದಲ್ಲಿ ಮುಕ್ತಾಯದ ಗೆರೆಯಲ್ಲಿ ನಿಂತವರು ಪಿಸ್ತೂಲಿನ ಹೊಗೆ ಅಥವಾ ಕ್ಲಾಪರ್ (ಸದ್ದು ಮಾಡಲು ಬಡಿಯುವ ಜೋಡಿ ಹಲಗೆ) ಕೂಡುವುದನ್ನು ನೋಡಿ ವಾಚ್ ಒತ್ತಬೇಕು. ಸದ್ದು ಕೇಳಿ ಒತ್ತಿದರೆ, ಅದು 100 ಮೀಟರ್ ದಾಟಿ ಬರುವಷ್ಟರಲ್ಲಿ 0.3 ಸೆಕೆಂಡು ಹೋಗಿರುತ್ತದೆ. ಮಗು ಅಷ್ಟು ಬೇಗ ಓಡಿದೆ ಎಂದು ನಂಬಿ ಜಿಲ್ಲಾ ಮಟ್ಟಕ್ಕೆ ಕಳಿಸಿದರೆ, ಅಲ್ಲಿ ಮನಸ್ಸು ಮುರಿದುಕೊಳ್ಳುವುದು ಅದೇ ಮಗು.

ಓಟದ ಕಥೆಯೇ ಆಗಬೇಕೆಂದೂ ಇಲ್ಲ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಡಿಸ್ಕಸ್ಸನ್ನು 63.64 ಮೀಟರ್ ಎಸೆದು ಚಿನ್ನ ಗೆದ್ದ ವಿಕಾಸ್ ಗೌಡ ಹುಟ್ಟಿದ್ದು ಮೈಸೂರಿನಲ್ಲೇ. ಎರಡೂವರೆ ಮೀಟರಿನ ವೃತ್ತ, ಎರಡು ಕಿಲೋ ತೂಕದ ತಟ್ಟೆ, ಫೈನಲ್‌ನಲ್ಲಿ ಹೆಚ್ಚೆಂದರೆ ಆರು ಎಸೆತ. ಅಷ್ಟರೊಳಗೆ ಒಬ್ಬ ಮನುಷ್ಯ ತನ್ನೊಂದಿಗೆ ನಡೆಸುವ ಹೋರಾಟದ ಮೇಲೆ ನಮ್ಮಲ್ಲಿ ಯಾರಾದರೂ ಕಥೆ ಬರೆಯಬೇಕು.

ಬರೆಯುವವರು, ನಿರ್ದೇಶಿಸುವವರು ದಯವಿಟ್ಟು ಒಂದು ವಾರ ಬೆಳಿಗ್ಗೆ ಆರು ಗಂಟೆಗೆ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೋ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೋ ಬನ್ನಿ. ಮುಕ್ತಾಯದ ಗೆರೆಯ ಹತ್ತಿರ ನಿಲ್ಲಬೇಡಿ. 300ನೇ ಮೀಟರಿನ ಹತ್ತಿರ, ಕೊನೆಯ ತಿರುವು ಮುಗಿಯುವಲ್ಲಿ ನಿಂತು ಮಕ್ಕಳ ಭುಜ ನೋಡಿ. ಆಮೇಲೆ ಗೆರೆಯ ಬಳಿ ಹೋಗಿ, ವಾಚ್ ತೋರಿಸುವ ಮೊದಲು ಅವರು ಯಾವ ಸಂಖ್ಯೆ ಹೇಳುತ್ತಾರೆ ಎಂದು ಕೇಳಿಸಿಕೊಳ್ಳಿ.

ಇತಿ,
ಅಥ್ಲೆಟಿಕ್ಸ್ ತರಬೇತುದಾರರೊಬ್ಬರು, ಮೈಸೂರು