ಗೈರಾಣ ಹರಗುವ ಮೊದಲು ಬ್ರೆಜಿಲ್ ಕಡೆ ನೋಡಿ

ಸಂಪಾದಕರೇ,

ನಮ್ಮ ಹಾವೇರಿ, ಗದಗ ಕಡೆ ಹುಲ್ಲುಗಾವಲು ಅಂದರೆ ಸುಮ್ನೆ ಬಿದ್ದ ಜಾಗ ಅಂತಲೇ ಲೆಕ್ಕ. ಗೋವಿನಜೋಳ ಹಾಕಿದರೆ ನಾಲ್ಕು ಕಾಸು ಬರುತ್ತದಲ್ಲ ಎಂದು ಗೈರಾಣ (ಊರ ದನ, ಕುರಿ ಮೇಯುವ ಗೋಮಾಳ), ಗುಡ್ಡದ ಓರೆ ಯಾವುದನ್ನೂ ಬಿಡದೆ ಹರಗುತ್ತಿದ್ದೇವೆ. ಬ್ರೆಜಿಲ್ ಇದೇ ದಾರಿಯಲ್ಲಿ ಬಹಳ ಮುಂದೆ ಹೋಗಿದೆ.

ಅಲ್ಲಿನ ಸೆರಾಡೊ ಎಂಬ ಹುಲ್ಲು, ಕುರುಚಲು ಮರಗಳ ಬಯಲು ಸುಮಾರು 20 ಲಕ್ಷ ಚದರ ಕಿ.ಮೀ., ಕರ್ನಾಟಕದ ಹತ್ತು ಪಟ್ಟು. ಹುಳಿ ಮಣ್ಣು, ಬೆಳೆ ಬರಲ್ಲ ಎಂದು ಬಿಟ್ಟಿದ್ದರು. 1973ರಲ್ಲಿ ಶುರುವಾದ ಸರ್ಕಾರಿ ಕೃಷಿ ಸಂಸ್ಥೆ ಎಂಬ್ರಾಪಾ, ಸುಣ್ಣ ಹಾಕಿ ಮಣ್ಣು ಸರಿಪಡಿಸುವುದನ್ನು ಕಲಿಸಿತು, ಅಲ್ಲಿಗೆ ಹೊಂದುವ ಸೋಯಾ ತಳಿ ಕೊಟ್ಟಿತು. ಇವತ್ತು ಸೋಯಾ ರಫ್ತಿನಲ್ಲಿ ಜಗತ್ತಿಗೇ ಬ್ರೆಜಿಲ್ ಮೊದಲು. ನಮ್ಮ ಒಗ್ಗರಣೆಯ ಸೋಯಾ ಎಣ್ಣೆಯೂ ಒಂದಿಷ್ಟು ಅಲ್ಲಿಯದೇ. ಸಣ್ಣ ಸಾಧನೆಯಲ್ಲ, ಒಪ್ಪುತ್ತೇನೆ.

ಆದರೆ ಬಯಲಿನ ಅರ್ಧದಷ್ಟು ಹೋಯಿತು. ಮಳೆ ನೀರನ್ನು ನೆಲಕ್ಕಿಳಿಸುತ್ತಿದ್ದದ್ದು, ಇಂಗಾಲವನ್ನು ಮಣ್ಣಲ್ಲಿ ಹಿಡಿದಿಡುತ್ತಿದ್ದದ್ದು ಅಲ್ಲಿನ ಗಿಡಗಳ ಆಳದ ಬೇರುಗಳು. ಆ ಕೆಲಸ ಸೋಯಾ ಬೇರಿಗೆ ಆಗುತ್ತದಾ? ಸಾವೊ ಫ್ರಾನ್ಸಿಸ್ಕೊದಂಥ ದೊಡ್ಡ ನದಿ ಹುಟ್ಟುವುದೇ ಈ ಬಯಲಲ್ಲಿ, ಅದರ ಹರಿವೇ ಇಳಿಯುತ್ತಿದೆ. ಗಿಡ ಬಿಡುವ ಆವಿ ಕಡಿಮೆಯಾಗಿ ಸುತ್ತಲ ಬಿಸಿ ಏರಿದೆ, ಮಳೆ ನಂಬಿದ ಸೋಯಾಗೂ ಅದೇ ಪೆಟ್ಟು. ರಸಗೊಬ್ಬರ ಶೇ 80ಕ್ಕೂ ಜಾಸ್ತಿ ಹೊರದೇಶದ್ದು. ಹೀಗಾಗಿ 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಕೂಡಲೇ ಗೊಬ್ಬರದ ಚಿಂತೆ ಹತ್ತಿತು. ಇಷ್ಟಾಗಿಯೂ, ಅಮೆಜಾನ್ ಕಾಡಲ್ಲಿ ಜಮೀನುದಾರ ಶೇ 80 ಭಾಗ ಉಳಿಸಬೇಕೆಂಬ ಕಾನೂನಿರುವ ದೇಶ, ಸೆರಾಡೊದ ಬಹುಪಾಲು ಕಡೆ ಕೇಳುವುದು ಬರೀ ಶೇ 20. ದಟ್ಟ ಮರ ಇಲ್ಲದಿದ್ದರೆ ಯಾರಿಗೂ ಕಳಕಳಿ ಇಲ್ಲ.

ಇಲ್ಲೂ ಹಾಗೇ ಅಲ್ವಾ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹುಲ್ಲಿನ ಜಾಗಕ್ಕೆ ನೀಲಗಿರಿ ನೆಟ್ಟರು. ಅಲ್ಲಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗಿಲ್ಲ. ಕೃಷ್ಣಮೃಗ ಗೋವಿನಜೋಳಕ್ಕೆ ನುಗ್ಗುತ್ತವೆ ಎಂದು ರೈತರು ಗೋಳಾಡುತ್ತಾರೆ, ಅವರ ನಷ್ಟ ನಿಜ. ಇನ್ನು ಕುರಿಗಾರರ ಪಾಡು ಕೇಳುವವರೇ ಇಲ್ಲ. ಮೇವಿಲ್ಲದೆ ಕುರಿ ಕಡಿಮೆಯಾದರೆ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುವುದೂ ನಿಲ್ಲುತ್ತದೆ, ಆ ದುಡ್ಡು ಡಿಎಪಿ ರಸಗೊಬ್ಬರದ ಚೀಲಕ್ಕೆ ಹೋಗುತ್ತದೆ. ಮೆಡ್ಲೇರಿಯ ಕಂಬಳಿಗೆ ಉಣ್ಣೆ ಎಲ್ಲಿಂದ ತರುವುದು? ಗರಸು ನೆಲ ಬೇರೆ, ಉತ್ತ ಮೇಲೆ ಜೋರು ಮಳೆ ಬಂದರೆ ಮೇಲ್ಮಣ್ಣೇ ಹಳ್ಳ ಸೇರುತ್ತದೆ.

ಈಗಾಗಲೇ ಉತ್ತಿರುವ ಬಡವರನ್ನು ಒಕ್ಕಲೆಬ್ಬಿಸಿ ಅನ್ನುತ್ತಿಲ್ಲ. ಉಳಿದ ಗೈರಾಣಗಳನ್ನು ಜಿಲ್ಲಾಡಳಿತ ಅಳೆದು ಹದ್ದುಬಸ್ತು ಮಾಡಲಿ. ಕುರಿಗಾರರನ್ನು ಕೇಳದೆ ಒಂದು ಎಕರೆಯನ್ನೂ ಬೇರೆ ಕೆಲಸಕ್ಕೆ ಕೊಡಬಾರದು. ಹುಲ್ಲುಗಾವಲಲ್ಲಿ ಗುಂಡಿ ತೋಡಿ ಸಸಿ ನೆಡುವುದನ್ನು ಅರಣ್ಯ ಇಲಾಖೆ ಈ ಮಳೆಗಾಲದಿಂದಲೇ ನಿಲ್ಲಿಸಲಿ.

ಒಬ್ಬ ಓದುಗ, ಹಾವೇರಿ